ಆರು ವರ್ಷ ದಿನಚರಿ ಬರೆದರೂ ಬರವಣಿಗೆ ಸುಧಾರಿಸಿಲ್ಲ, ಯಾಕೆ?

ಪ್ರಶ್ನೆ: ಆರು ವರ್ಷದಿಂದ ಒಂದು ದಿನವೂ ತಪ್ಪಿಸದೆ ದಿನಚರಿ ಬರೆಯುತ್ತಿದ್ದೇನೆ. ಲೇಖನ ಬರೆಯಲು ಕುಳಿತರೆ ಮಾತ್ರ ವಾಕ್ಯಗಳು ಸಪ್ಪೆ. ಏನು ಮಾಡಲಿ?

ಉತ್ತರ: ಕೇಳುವವರ ಊರು, ವಯಸ್ಸು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಮಾದರಿಗೆಂದು ಕಳಿಸುವ ಪುಟವೂ ಒಂದೇ ಥರ: ‘ಅತ್ತೆ ಮನೆಗೆ ಹೋದೆವು. ಊಟ ಚೆನ್ನಾಗಿತ್ತು. ತುಂಬಾ ಖುಷಿಯಾಯಿತು.’ ಇದು ಹಾಜರಿ ಪುಸ್ತಕ. ‘ಖುಷಿ’ ಎಂದು ಬರೆದ ಕೂಡಲೇ ಕೆಲಸ ಮುಗಿಯಿತೆಂದು ಮನಸ್ಸು ಎದ್ದುಬಿಡುತ್ತದೆ. ಮುಂದಿನ ವರ್ಷ ಓದಿದರೆ ನಿಮಗೇ ಏನೂ ನೆನಪಾಗದು.

ದಿನವಿಡೀ ನಡೆದದ್ದನ್ನು ಬಿಡಿ, ಐದು ನಿಮಿಷದ ಒಂದು ಸಂಗತಿ ಹಿಡಿಯಿರಿ. ‘ಅತ್ತೆ ಎರಡನೇ ಸಲ ಸಾರು ತಂದಾಗ ಅಪ್ಪ ತಟ್ಟೆಗೆ ಕೈ ಅಡ್ಡ ಹಿಡಿದರು. “ಇನ್ನೂ ಸಿಟ್ಟೇನೋ?” ಅಂದಳು.’ ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ. ಧಾರವಾಡದವರ ‘ಹೋಗೂಣು’ ನಿಮ್ಮ ಪುಟದಲ್ಲಿ ‘ಹೋಗೋಣ’ ಆಗಬೇಕಿಲ್ಲ.

ಬಲಪುಟದಲ್ಲಷ್ಟೇ ಬರೆದು ಎಡಪುಟ ಖಾಲಿ ಬಿಡಿ. ಒಂದು ತಿಂಗಳು ಆ ಪುಟ ತೆರೆಯಬೇಡಿ. ಮರುದಿನವೇ ಓದಿದರೆ ಬರೆಯದೆ ಬಿಟ್ಟದ್ದನ್ನೂ ನೆನಪು ತುಂಬಿಕೊಡುತ್ತದೆ, ತಪ್ಪು ಕಾಣುವುದಿಲ್ಲ. ತಿಂಗಳಾದ ಮೇಲೆ ಗಟ್ಟಿಯಾಗಿ ಓದಿ. ತಡವರಿಸಿದಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ‘ತುಂಬಾ’, ‘ಒಂಥರಾ’, ‘ಮಾಡಲಾಯಿತು’ ಸಿಕ್ಕಲ್ಲೆಲ್ಲ ಸುತ್ತು ಹಾಕಿ. ‘ಮಾಡಲಾಯಿತು’ ಇದ್ದರೆ ಮಾಡಿದವರು ಯಾರೆಂದು ಬರೆಯಿರಿ. ಆಮೇಲೆ ಎಡಪುಟದಲ್ಲಿ ಅದನ್ನೇ ಅರ್ಧದಷ್ಟು ಪದಗಳಲ್ಲಿ ಮತ್ತೆ ಬರೆಯಿರಿ. ಸುಧಾರಿಸುವುದೇನಿದ್ದರೂ ಈ ಎಡಪುಟದಲ್ಲಿ. ವಾರಕ್ಕೆ ಎರಡು ಪುಟ ತಿದ್ದಿದರೆ ಸಾಕು. ಮಿಕ್ಕವು ಹಾಗೇ ಇರಲಿ, ಎಲ್ಲವನ್ನೂ ತಿದ್ದಲು ಹೊರಟವರು ದಿನಚರಿಯನ್ನೇ ಬಿಡುತ್ತಾರೆ.

ಪ್ರಶ್ನೆ: ಬ್ರಾಹ್ಮೀ ಮುಹೂರ್ತದಲ್ಲಿ 21 ದಿನ ಬರೆದರೆ ಶೈಲಿ ಸಿದ್ಧಿಸುತ್ತದಂತೆ?

ಉತ್ತರ: ಹಾಗೆಂದು ಹೇಳಿ ಶುಲ್ಕ ಕಟ್ಟಿಸಿಕೊಂಡವರನ್ನೇ ಕೇಳಿ.

ಪ್ರಶ್ನೆ: ಯಾವ ಪೆನ್ನು ಒಳ್ಳೆಯದು?

ಉತ್ತರ: ಬಾಲ್‌ಪೆನ್. ಮಳೆಗಾಲದಲ್ಲಿ ಪುಸ್ತಕ ನೆನೆದರೂ ಅಕ್ಷರ ಕದಡುವುದಿಲ್ಲ.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಬರೆಯಬಹುದೇ?

ಉತ್ತರ: ಬರೆಯಿರಿ, ಯೂನಿಕೋಡ್‌ನಲ್ಲಿ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿರುವ ಕಡತ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಗುರುತು. ಈಗಲೇ ಪರಿವರ್ತಿಸಿ, ಅರ್ಕಾವತ್ತು ಪಲ್ಟಿಯಾಗಿದೆಯೇ ಎಂದು ಕಣ್ಣಾರೆ ನೋಡಿ.

ಪ್ರಶ್ನೆ: ಬಸ್ ಟಿಕೆಟ್ ಅಂಟಿಸಲೇ?

ಉತ್ತರ: ಯಂತ್ರದಿಂದ ಬರುವ ಟಿಕೆಟ್ ಶಾಖಕ್ಕೆ ಕಪ್ಪಾಗುವ ಕಾಗದ. ಕೆಲವೇ ವರ್ಷಗಳಲ್ಲಿ ಮಾಸುತ್ತದೆ, ಅಂಟು ತಗುಲಿದರೆ ಇನ್ನೂ ಬೇಗ. ಊರು, ದರ, ಹೊತ್ತು ಪಕ್ಕದಲ್ಲಿ ಪೆನ್ನಿನಿಂದ ಬರೆದಿಡಿ.

ಪ್ರಶ್ನೆ: ಮನೆಯವರು ಓದಿಬಿಟ್ಟರೆ?

ಉತ್ತರ: ಬೀಗ ಹಾಕಿ. ಗುಪ್ತಲಿಪಿ ಮಾತ್ರ ಬೇಡ, ಎರಡು ವರ್ಷದ ಮೇಲೆ ಅದು ನಿಮಗೇ ಬಿಡಿಸಲು ಬಾರದು.