ಕಾಸ್ಟಿಕ್ ಸೋಡಾ ಹಾಕದೆ ಮನೇಲಿ ಸೋಪು ಮಾಡೋಕಾಗುತ್ತಾ? ಮನೇಲಿ ಚಿಕ್ಕ ಮಕ್ಕಳಿದಾರೆ, ಭಯ ಆಗುತ್ತೆ

ಆಗಲ್ಲ. ಎಣ್ಣೆ ಗಟ್ಟಿ ಸೋಪಾಗೋದೇ ಕಾಸ್ಟಿಕ್ ಸೋಡಾ (ಚರ್ಮ ಸುಡೋ ಜೋರಾದ ಕ್ಷಾರ) ಜೊತೆ ಸೇರಿದಾಗ. ಅಡಿಗೆ ಸೋಡಾ, ವಾಷಿಂಗ್ ಸೋಡಾ ಹಾಕಿದ್ರೆ ಎಣ್ಣೆ ಎಣ್ಣೆಯಾಗೇ ಉಳಿಯುತ್ತೆ. ಅಂಗಡೀಲಿ ಸಿಗೋ ಸೋಪ್ ಬೇಸ್ ಕರಗಿಸಿ ಅಚ್ಚಿಗೆ ಹುಯ್ಯೋದನ್ನ ಕೆಲವರು "ಕಾಸ್ಟಿಕ್ ಇಲ್ಲದ ಸೋಪು" ಅಂತಾರೆ, ಆದ್ರೆ ಆ ಬೇಸ್ ಕೂಡ ಫ್ಯಾಕ್ಟರೀಲಿ ಇಂಥದ್ದೇ ಕ್ಷಾರ ಹಾಕಿ ಮಾಡಿರೋದೇ. ಕಾಸ್ಟಿಕ್ ಮುಟ್ಟೋದೇ ಬೇಡ ಅನ್ನೋದಾದ್ರೆ ಆ ಬೇಸ್ ತಗೊಳ್ಳಿ, ಇಲ್ಲಾಂದ್ರೆ ನಮ್ಮಜ್ಜಿ ಕಾಲದ ಸೀಗೆಪುಡಿ ಕಡಲೆಹಿಟ್ಟು ಇದ್ದೇ ಇದೆ, ಅದೂ ಒಳ್ಳೇದೇ.

ಆದ್ರೆ ನಿಮ್ಮ ಭಯ ಸ್ವಲ್ಪ ತಪ್ಪು ಕಡೆ ಇದೆ ಅನ್ಸುತ್ತೆ. ಸರಿಯಾಗಿ ತೂಕ ಮಾಡಿ ಹಾಕಿದ್ರೆ ಕಾಸ್ಟಿಕ್ಕು ಪೂರ್ತಿ ಎಣ್ಣೆ ಜೊತೆ ಸೇರಿ ಸೋಪು ಮತ್ತೆ ಗ್ಲಿಸರಿನ್ ಆಗಿಬಿಡುತ್ತೆ, ಸೋಪಲ್ಲಿ ಕಾಸ್ಟಿಕ್ ಅಂತ ಏನೂ ಉಳಿಯಲ್ಲ. ಭಯ ಪಡಬೇಕಾಗಿರೋದು ಮಾಡೋ ಅರ್ಧ ಗಂಟೆ ಮತ್ತೆ ಡಬ್ಬ ಇಡೋ ಜಾಗದ ಬಗ್ಗೆ.

ನಮ್ಮದು ತಿಪಟೂರು ಕಡೆ, ಮನೇಲಿ ಗಾಣಕ್ಕೆ ಹಾಕಿಸಿದ ಕೊಬ್ಬರಿ ಎಣ್ಣೆ ಯಾವಾಗ್ಲೂ ಇರುತ್ತೆ. ಮೊದಲನೇ ಸಲ ವಿಡಿಯೋ ನೋಡ್ಕೊಂಡು ಮಾಡಿದೆ, ಅದರಲ್ಲಿ 500 ಎಣ್ಣೆಗೆ 87 ಗ್ರಾಂ ಕಾಸ್ಟಿಕ್ ಅಂದಿದ್ರು, ನಾನು ಅಳತೆ ಲೋಟದಲ್ಲಿ 500 ಎಂಎಲ್ ಅಳೆದು ಹಾಕ್ದೆ. ಅಲ್ಲೇ ಎಡವಿದ್ದು, ಅವರ ಲೆಕ್ಕ 500 ಗ್ರಾಂಗೆ. 500 ಎಂಎಲ್ ಕೊಬ್ಬರಿ ಎಣ್ಣೆ ತಕ್ಕಡೀಲಿಟ್ರೆ ಸುಮಾರು 460 ಗ್ರಾಂ ಬರುತ್ತೆ, ಅಷ್ಟು ಎಣ್ಣೆ 84 ಗ್ರಾಂ ಕಾಸ್ಟಿಕ್ ಮಾತ್ರ ತಗೊಳ್ಳುತ್ತೆ. ಮಿಕ್ಕಿದ 3 ಗ್ರಾಂ ಹಾಗೇ ಉಳೀತು. ತಿಂಗಳಾದ್ಮೇಲೂ ಒದ್ದೆ ಬೆರಳಲ್ಲಿ ಸೋಪು ಉಜ್ಜಿ ನಾಲಿಗೆ ತುದಿಗೆ ಮುಟ್ಟಿಸಿದ್ರೆ ಟಾರ್ಚ್ ಸೆಲ್ಲಿಗೆ ನಾಲಿಗೆ ಇಟ್ಟ ಹಾಗೆ ಚುರ್ ಅಂತಿತ್ತು. ಪೂರ್ತಿ ಬಿಸಾಕಿದೆ. ಅವತ್ತಿಂದ ಎಣ್ಣೆ, ನೀರು, ಕಾಸ್ಟಿಕ್ ಮೂರೂ ಗ್ರಾಂ ಲೆಕ್ಕದಲ್ಲೇ. ಚಮಚ, ಲೋಟ ಯಾವುದೂ ಬೇಡ, 1 ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿ ತಗೊಳ್ಳಿ, ಮೊದಲ ಖರ್ಚು ಅದಕ್ಕೇ ಮಾಡಿ.

ಈಗ ನಾನು ಮಾಡೋ ಅಳತೆ: ಕೊಬ್ಬರಿ ಎಣ್ಣೆ 500 ಗ್ರಾಂ, ಕಾಸ್ಟಿಕ್ 73 ಗ್ರಾಂ, ನೀರು 150 ಗ್ರಾಂ. ಪೂರ್ತಿ ಲೆಕ್ಕಕ್ಕೆ 91 ಗ್ರಾಂ ಚಿಲ್ಲರೆ ಬೇಕು, ಬೇಕಂತಲೇ ನೂರಕ್ಕೆ 20 ಭಾಗ ಕಮ್ಮಿ ಹಾಕ್ತೀನಿ, ಯಾಕಂದ್ರೆ ಬರೀ ಕೊಬ್ಬರಿ ಎಣ್ಣೆ ಸೋಪು ಕೊಳೆ ತೆಗೆಯೋದರಲ್ಲಿ ಬಲು ಜೋರು, ಮೈಯಲ್ಲಿರೋ ಜಿಡ್ಡನ್ನೂ ಎಳ್ಕೊಂಡು ಚರ್ಮ ಒಣಗಿಸಿಬಿಡುತ್ತೆ, ಒಂದಷ್ಟು ಎಣ್ಣೆ ಸೋಪಾಗದೆ ಉಳಿದ್ರೆ ಮೈಗೆ ಹಿತ. ನಮ್ಮ ಬೋರ್‌ವೆಲ್ ನೀರು ಗಡಸು, ಬೇರೆ ಎಣ್ಣೆ ಸೋಪಿಗೆ ನೊರೆ ಬರದೆ ಬಕೆಟ್ ಮೇಲೆ ಬಿಳಿ ಕೆನೆ ಕಟ್ಟುತ್ತೆ, ಇದು ಆ ನೀರಲ್ಲೂ ನೊರೆ ಕೊಡುತ್ತೆ. ಈ ಅಳತೆ ಕೊಬ್ಬರಿ ಎಣ್ಣೆಗೆ ಮಾತ್ರ ಹಾಂ. ಕಡಲೆಕಾಯಿ ಎಣ್ಣೆ ಪೂರ್ತಿ ಸೋಪಾಗೋಕೆ 500 ಗ್ರಾಂಗೆ 68 ಗ್ರಾಂ ಸಾಕು, ಹರಳೆಣ್ಣೆಗೆ ಇನ್ನೂ ಕಮ್ಮಿ, ಹಾಗಾಗಿ ಎಣ್ಣೆ ಬದಲಾಯಿಸಿ ಇದೇ 73 ಹಾಕಿದ್ರೆ ನನಗಾದ ಗತಿಯೇ.

ಮಾಡುವಾಗ ಮಕ್ಕಳು ಶಾಲೆಗೆ ಹೋಗಿರ್ಲಿ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಬಟ್ಟೆ, ಜಾಗ ಹಿತ್ತಲು ಇಲ್ಲಾ ಬಾಲ್ಕನಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಯಾವತ್ತೂ ಹುಯ್ಯಬೇಡಿ, ಕುದ್ದು ಮುಖಕ್ಕೆ ಸಿಡಿಯುತ್ತೆ. ಸ್ವಲ್ಪ ಸ್ವಲ್ಪ ಹಾಕ್ತಾ ಕದಡಿದ್ರೆ ಮೊದಲು ಗಂಜಿ ಥರ ಮಬ್ಬಾಗಿ, ಒಲೆ ಮೇಲಿಟ್ಟ ಹಾಗೆ ಪಾತ್ರೆ ಸುಡೋಕೆ ಶುರುವಾಗುತ್ತೆ, ಮೂಗಿಗೆ ಘಾಟು ಹೊಡೆಯುತ್ತೆ, ಆಮೇಲೆ ತಿಳಿಯಾಗುತ್ತೆ. ಸ್ಟೀಲ್ ಪಾತ್ರೆನೇ ಇರ್ಲಿ, ಅಲ್ಯೂಮಿನಿಯಂ ಬೇಡವೇ ಬೇಡ, ಅದನ್ನ ಕಾಸ್ಟಿಕ್ ತಿಂದುಹಾಕಿ ಹೈಡ್ರೋಜನ್ ಗ್ಯಾಸ್ ಬಿಡುತ್ತೆ. ಆರಿದ ಮೇಲೆ ಎಣ್ಣೆಗೆ ಹುಯ್ದು ಹ್ಯಾಂಡ್ ಬ್ಲೆಂಡರ್ ಬಿಟ್ಟು ಬಿಟ್ಟು ಆಡಿಸಿ. ನೀರು ಮಜ್ಜಿಗೆ ಥರ ಇದ್ದದ್ದು ದೋಸೆ ಹಿಟ್ಟಿನ ಹದಕ್ಕೆ ಬಂದು, ಎತ್ತಿ ಬಿಟ್ರೆ ಮೇಲೆ ಗೆರೆ ನಿಂತ್ಕೊಂಡ್ರೆ ಅಚ್ಚಿಗೆ ಹುಯ್ಯಬಹುದು. ಕೊಬ್ಬರಿ ಎಣ್ಣೆ ಸೋಪು ಬೇಗ ಕಲ್ಲಾಗುತ್ತೆ, ಗಟ್ಟಿಯಾಗಿ ಇನ್ನೂ ಸ್ವಲ್ಪ ಬೆಚ್ಚಗಿರುವಾಗ್ಲೇ ಕತ್ತರಿಸಿ, ನಾಳೆಗೆ ಬಿಟ್ರೆ ಚಾಕು ಇಟ್ಟ ಕಡೆ ಒಡೆಯುತ್ತೆ. ಆಮೇಲೆ ಗಾಳಿ ಆಡೋ ನೆರಳಲ್ಲಿ 4ರಿಂದ 6 ವಾರ.

ಚರ್ಮಕ್ಕೆ ಬಿದ್ರೆ ವಿನೆಗರ್, ನಿಂಬೆಹಣ್ಣು ಅಂತ ಹುಡುಕ್ತಾ ನಿಲ್ಲಬೇಡಿ, ತಕ್ಷಣ ನಲ್ಲಿ ಕೆಳಗಿಟ್ಟು 15-20 ನಿಮಿಷ ನೀರು ಬಿಡಿ. ಕಣ್ಣಿಗೆ ಬಿದ್ರೆ ನೀರಲ್ಲಿ ತೊಳೀತಾನೇ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು. ಕಾಸ್ಟಿಕ್ ನೋಡೋಕೆ ಕಲ್ಲುಪ್ಪು, ಕಲ್ಲುಸಕ್ಕರೆ ಥರನೇ ಇರುತ್ತೆ, ನೀರಲ್ಲಿ ಕರಗಿದ ಮೇಲೆ ಕುಡಿಯೋ ನೀರಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಹಾರ್ಲಿಕ್ಸ್ ಬಾಟ್ಲು, ನೀರಿನ ಬಾಟ್ಲಿಗೆ ಯಾವತ್ತೂ ತುಂಬಿಡಬೇಡಿ. ಅಂಗಡಿ ಡಬ್ಬದಲ್ಲೇ, ಬೀಗ ಹಾಕೋ ಬೀರುವಿನ ಮೇಲಿನ ಹಲಗೇಲಿಡಿ, ಕರಗಿಸಿದ್ದನ್ನ ಅವತ್ತೇ ಮುಗಿಸಿ. ಮಗು ಬಾಯಿಗೆ ಹಾಕ್ಕೊಂಡ್ರೆ ವಾಂತಿ ಮಾಡಿಸೋಕೆ ಹೋಗಬಾರದು, ಮೇಲೆ ಬರುವಾಗ ಗಂಟಲು ಇನ್ನೊಂದು ಸಲ ಸುಡುತ್ತೆ, ಸೀದಾ ಆಸ್ಪತ್ರೆ. ಬೀಗ ಹಾಕೋ ಜಾಗ ಮನೇಲಿಲ್ಲ ಅಂದ್ರೆ ಮಕ್ಕಳು ಸ್ವಲ್ಪ ದೊಡ್ಡವರಾಗೋವರೆಗೂ ಸೋಪ್ ಬೇಸಲ್ಲೇ ಮಾಡಿ.

ಬೀಗದ ಜಾಗ ಇದೆ, ಮಾಡ್ತೀನಿ ಅಂತಾದ್ರೆ ಯಾವ ಎಣ್ಣೆ ಎಷ್ಟು ಗ್ರಾಂ ಅಂತ ಕಾಮೆಂಟಲ್ಲಿ ಹಾಕಿ, ಕಾಸ್ಟಿಕ್ ಲೆಕ್ಕ ನಾನು ಹಾಕಿ ಕೊಡ್ತೀನಿ.