ಓದುಗರ ಪ್ರಶ್ನೆ: ಎಂಟು ನಾಣ್ಯ, ಒಂದು ತಕ್ಕಡಿ

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿಯಿದೆ. ಎಂಟನೇ ತರಗತಿಯ ಮಗಳು ಗಲ್ಲಾಪೆಟ್ಟಿಗೆಯ ಬಳಿ ಕುಳಿತು ಎರಡು ಒಗಟು ಕೇಳಿದಳು. ಎರಡು ನಾಣ್ಯ ಸೇರಿ ಆರು ರೂಪಾಯಿ, ಅವುಗಳಲ್ಲಿ ಒಂದು ಐದು ರೂಪಾಯಿಯದಲ್ಲ, ಅವು ಯಾವುವು? ನೋಡಲು ಒಂದೇ ತೆರನಾದ ಎಂಟು ನಾಣ್ಯಗಳಲ್ಲಿ ಒಂದು ಖೋಟಾ, ಅದು ಹಗುರ. ತೂಕದ ಕಲ್ಲಿಲ್ಲದೆ ಬರೀ ತಕ್ಕಡಿಯಲ್ಲಿ ಎಷ್ಟು ಸಲ ತೂಗಿ ಹುಡುಕಬಹುದು? ನಾನು ಮೂರು ಎಂದೆ, ಅವಳು ಎರಡು ಎನ್ನುತ್ತಾಳೆ. ಇಂಥವನ್ನು ಬಿಡಿಸುವುದು ಹೇಗೆ?

ಉತ್ತರ: ನಿಮ್ಮ ಮಗಳು ಹೇಳಿದ್ದೇ ಸರಿ. ಎರಡರಲ್ಲೂ ನಾಣ್ಯವಿದ್ದರೂ ಇವು ಒಂದೇ ಜಾತಿಯ ಒಗಟುಗಳಲ್ಲ. ಮೊದಲನೆಯದು ಮಾತಿನಲ್ಲಿ ಅಡಗಿದೆ, ಎರಡನೆಯದು ಎಣಿಕೆಯಲ್ಲಿ.

ಆರು ರೂಪಾಯಿಯ ಒಗಟಿನಲ್ಲಿ ‘ಒಂದು’ ಎಂಬ ಪದವನ್ನು ನಾವು ನಮಗೆ ಅರಿವಿಲ್ಲದೆಯೇ ‘ಒಂದೂ’ ಎಂದು ಕೇಳಿಸಿಕೊಳ್ಳುತ್ತೇವೆ. ಒಂದೂ ಐದು ರೂಪಾಯಿಯದಲ್ಲ ಎಂದಿದ್ದರೆ ಉತ್ತರವೇ ಇರುತ್ತಿರಲಿಲ್ಲ. ಒಂದು ಮಾತ್ರ ಅಲ್ಲ ಎಂದಾಗ, ಅದು ಒಂದು ರೂಪಾಯಿಯ ನಾಣ್ಯ, ಇನ್ನೊಂದು ಐದರದು. ಒಂದು ದೀರ್ಘದ ಮೇಲೆ ನಿಂತಿರುವ ಈ ಒಗಟು ಕನ್ನಡಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಇನ್ನು 1950 ಎಂದು ಅಚ್ಚಾದ ‘ನಯಾ ಪೈಸೆ’ ಸಿಕ್ಕಿತೆಂದು ಯಾರಾದರೂ ಹೇಳಿದರೆ ಅದು ಖೋಟಾ ಎಂದು ತಿಳಿಯಲು ತೂಗುವ ಅಗತ್ಯವೂ ಇಲ್ಲ. ರೂಪಾಯಿಗೆ 16 ಆಣೆಯ ಲೆಕ್ಕ ಹೋಗಿ ನಯಾ ಪೈಸೆ ಬಂದದ್ದೇ 1957ರ ಏಪ್ರಿಲ್ 1ರಂದು.

ಇನ್ನು ತಕ್ಕಡಿಯ ಮಾತು. ನೀವು ನಾಲ್ಕು ನಾಲ್ಕು, ಆಮೇಲೆ ಎರಡೆರಡು, ಕೊನೆಗೆ ಒಂದೊಂದು ಎಂದು ಅರ್ಧ ಮಾಡುತ್ತಾ ಹೋಗಿರಬೇಕು. ಎಂಟೆಂದರೆ ಎಲ್ಲರ ಕೈಯೂ ಹಾಗೆಯೇ ಓಡುತ್ತದೆ. ಆದರೆ ತಕ್ಕಡಿ ಕೊಡುವ ಉತ್ತರಗಳು ಮೂರು: ಎಡತಟ್ಟೆ ಇಳಿಯಬಹುದು, ಬಲತಟ್ಟೆ ಇಳಿಯಬಹುದು, ಇಲ್ಲವೇ ಎರಡೂ ಸಮನಾಗಿ ನಿಲ್ಲಬಹುದು. ಅರ್ಧರ್ಧ ಹಂಚಿದಾಗ ಸಮನಾಗುವ ಸಾಧ್ಯತೆಯೇ ಇಲ್ಲದ್ದರಿಂದ ಮೂರನೆಯ ಉತ್ತರ ಪ್ರತಿ ಸಲವೂ ವ್ಯರ್ಥವಾಗುತ್ತದೆ. ಮೂರು ಮೂರು ತಟ್ಟೆಗಳಲ್ಲಿಟ್ಟು ಎರಡನ್ನು ಹೊರಗಿಡಿ. ಸಮನಾದರೆ ಹೊರಗಿನ ಎರಡನ್ನು ಒಂದಕ್ಕೊಂದು ತೂಗಿ. ಸಮನಾಗದಿದ್ದರೆ ಮೇಲೆದ್ದ ತಟ್ಟೆಯ ಮೂರರಲ್ಲಿ ಎರಡನ್ನು ತೂಗಿ. ಅವೂ ಸಮನಾದರೆ ಉಳಿದದ್ದೇ ಖೋಟಾ. ಎರಡು ತೂಕಕ್ಕೆ ಮೂರು ಮೂರಲ ಒಂಬತ್ತು ಉತ್ತರಗಳಿರುವುದರಿಂದ ಒಂಬತ್ತು ನಾಣ್ಯಗಳಿದ್ದರೂ ಎರಡೇ ಸಲ ಸಾಕು.

ನಿಮ್ಮ ಮಗಳು ಇಷ್ಟಕ್ಕೆ ಬಿಡುವವಳಂತೆ ಕಾಣುವುದಿಲ್ಲ. ಅವಳಿಗೆ 12 ನಾಣ್ಯ ಕೊಟ್ಟು, ಖೋಟಾ ನಾಣ್ಯ ಹಗುರವೋ ಭಾರವೋ ತಿಳಿಯದು, ಮೂರೇ ಸಲ ತೂಗಬೇಕು ಎನ್ನಿ. ಹನ್ನೆರಡರಲ್ಲಿ ಯಾವುದೂ ಹಗುರವಾಗಿರಬಹುದು, ಭಾರವೂ ಆಗಿರಬಹುದು. ಹೀಗೆ ಸಾಧ್ಯತೆಗಳು 24, ಮೂರು ತೂಕದ ಉತ್ತರಗಳು 27. ಮೊದಲ ತೂಕದ ನಂತರ ಉಳಿಯುವ ಸಾಧ್ಯತೆಗಳು ಒಂಬತ್ತನ್ನು ಮೀರಬಾರದು. ಮೂರು ಮೂರು ತೂಗಿ ಸಮನಾದರೆ 12 ಉಳಿಯುತ್ತವೆ, ಐದೈದು ತೂಗಿ ಒಂದು ತಟ್ಟೆ ಇಳಿದರೆ 10, ಎರಡೂ ಹೆಚ್ಚಾಯಿತು. ನಾಲ್ಕು ನಾಲ್ಕು ತೂಗಿದರೆ ಮಾತ್ರ ಯಾವ ಕಡೆಯಾದರೂ ಎಂಟು ಉಳಿಯುತ್ತವೆ. ಎಂಟು ನಾಣ್ಯಗಳಲ್ಲಿ ನೀವು ಇಟ್ಟ ತಪ್ಪು ಹೆಜ್ಜೆಯೇ ಇಲ್ಲಿ ಸರಿಯಾದ ಮೊದಲ ಹೆಜ್ಜೆ. ಮುಂದಿನ ಎರಡು ತೂಕವನ್ನು ಅವಳೇ ಹುಡುಕಲಿ. ತಟ್ಟೆಯಿಂದ ತಟ್ಟೆಗೆ ಕೆಲವು ನಾಣ್ಯಗಳನ್ನು ಅದಲುಬದಲು ಮಾಡಬಹುದೆಂಬ ಸುಳಿವಷ್ಟನ್ನು ಕೊಡಿ.