ಆರನೇ ಚಾನೆಲ್ ಒಂದೇ ಯಾಕೆ ಸಿಗುತ್ತಿಲ್ಲ

ಅಮೆರಿಕದ ಫಿಲಡೆಲ್ಫಿಯಾದ ಉಳಿದ ಟಿವಿ ಚಾನೆಲ್‌ಗಳೆಲ್ಲ ಆಂಟೆನಾ ಮೂಲಕ ಕಂಪ್ಯೂಟರಿನಲ್ಲಿ ಎಚ್‌ಡಿ ಗುಣಮಟ್ಟದಲ್ಲೇ ಬರುತ್ತವೆ, ಆರನೆಯದಾದ ಎಬಿಸಿ ಮಾತ್ರ ಇಲ್ಲ, ಹೊಸ ಯುಎಸ್‌ಬಿ ಟ್ಯೂನರ್ (ಆಂಟೆನಾದ ಸಿಗ್ನಲನ್ನು ಕಂಪ್ಯೂಟರಿಗೆ ಕೊಡುವ ಸಾಧನ) ಕೊಳ್ಳಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ, ದುಡ್ಡು ದಂಡ. ತೊಂದರೆ ಇರುವುದು ಬಹುಶಃ ಕಿಟಕಿಗೆ ಅಂಟಿಸಿದ ಆ ಚಪ್ಪಟೆ ಆಂಟೆನಾದಲ್ಲಿ.

ಆ ಎಬಿಸಿ ಕೇಂದ್ರ ಇಂದಿಗೂ ವಿಎಚ್‌ಎಫ್ ಎಂಬ ಕಡಿಮೆ ಆವರ್ತನದ ಟಿವಿ ತರಂಗಪಟ್ಟಿಯ 6ನೇ ಚಾನೆಲ್‌ನಲ್ಲೇ, ಅಂದರೆ 82ರಿಂದ 88 ಮೆಗಾಹರ್ಟ್ಸ್ ನಡುವೆ, ಎಫ್‌ಎಂ ರೇಡಿಯೊದ ಪಕ್ಕದಲ್ಲೇ ಪ್ರಸಾರ ಮಾಡುತ್ತದೆ. ಅಷ್ಟು ಉದ್ದದ ತರಂಗವನ್ನು ಹಿಡಿಯಲು ಅಂಗೈಯಗಲದ ಹಾಳೆ ಸಾಲದು. ಪೆಟ್ಟಿಗೆಯ ಮೇಲೆ ಅದರ ತಯಾರಕರು ಏನೇ ಬರೆದಿರಲಿ. ಹಳೆಯ ಕಾಲದ ಎರಡು ಕಡ್ಡಿಗಳ ಆಂಟೆನಾ ತನ್ನಿ. ಒಂದೊಂದು ಕಡ್ಡಿಯನ್ನೂ ಸುಮಾರು 85 ಸೆಂಟಿಮೀಟರ್ ಎಳೆದು, ಹೆಚ್ಚು ಕಡಿಮೆ ಅಡ್ಡಲಾಗಿ ಹರಡಿ.

ಇನ್ನೊಂದು ಮುಖ್ಯ ವಿಷಯ: ಈ ತರಂಗಪಟ್ಟಿಯಲ್ಲಿ ಕಂಪ್ಯೂಟರಿನ ಪವರ್ ಸಪ್ಲೈ ಮತ್ತು ಅಗ್ಗದ ಎಲ್‌ಇಡಿ ದೀಪಗಳ ವಿದ್ಯುತ್ ಗದ್ದಲ ವಿಪರೀತ. ಆಂಟೆನಾವನ್ನು ಮೇಜಿನಿಂದ ದೂರವಿಟ್ಟು, ಉದ್ದದ ಕೋಆಕ್ಸಿಯಲ್ ಕೇಬಲ್ (ಟಿವಿ ಆಂಟೆನಾದ ದುಂಡು ತಂತಿ) ಹಾಕಿ. ದೀಪಗಳನ್ನು ಆರಿಸಿ ಮತ್ತೆ ಚಾನೆಲ್‌ಗಳನ್ನು ಸ್ಕ್ಯಾನ್ ಮಾಡಿದರೆ ಅಪರಾಧಿ ಯಾರೆಂದು ತಿಳಿಯುತ್ತದೆ.

ಸಿಬಿಎಸ್ ಚಾನೆಲ್‌ನಲ್ಲಿ ಓಟದ ದೃಶ್ಯಗಳ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತವೆ ಎಂದಿರಲ್ಲ, ಅದು ಸಿಗ್ನಲ್ ದೋಷವಲ್ಲ. ಆ ಚಾನೆಲ್ 1080ಐ, ಅಂದರೆ ಚಿತ್ರದ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಕಳಿಸುತ್ತದೆ. ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಆ ಎರಡು ಕಂತನ್ನು ಸರಿಯಾಗಿ ಜೋಡಿಸುವ ಡಿಇಂಟರ್‌ಲೇಸ್ ಆಯ್ಕೆಯನ್ನು ಚಾಲೂ ಮಾಡಿ. ಎಬಿಸಿ 720ಪಿ, ಅಂದರೆ ಇಡೀ ಚಿತ್ರವನ್ನು ಒಮ್ಮೆಗೇ ಕಳಿಸುವುದರಿಂದ ಅಲ್ಲಿ ಆ ಕಾಟವಿಲ್ಲ.